ಸಣ್ಣ ಟ್ರ್ಯಾಕ್ಟರಿನ ಲೋಡರ್: ಬಿಸಿಯಾದ ಮೇಲೆ ಬಕೆಟ್ ಏಳದಿದ್ದರೆ ಮೊದಲು ಒತ್ತಡದ ಗೇಜ್ ಹಾಕಿ ನೋಡಿ

ಶಿರಸಿ ಕಡೆಯ ಅಡಿಕೆ ತೋಟಕ್ಕೆ ದೊಡ್ಡ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಒಂದು ಕಡೆ ಧರೆ (ಎತ್ತರದ ಮಣ್ಣಿನ ದಂಡೆ), ಇನ್ನೊಂದು ಕಡೆ ಕಾದಿಗೆ (ನೀರು ಹರಿಯುವ ಕಾಲುವೆ), ಮಧ್ಯೆ ಇರುವುದೇ ಚೂರು ದಾರಿ. ಅದಕ್ಕೇ ನಾವು 28 ಎಚ್‌ಪಿ ಸಣ್ಣ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಕೂರಿಸಿದ್ದು. ಗೊಬ್ಬರಗುಂಡಿ ಖಾಲಿ ಮಾಡುವುದು, ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ತರುವುದು, ಬೇಸಿಗೆಯಲ್ಲಿ ತೋಟಕ್ಕೆ ಹೊಸ ಮಣ್ಣು ಹಾಕುವುದು, ಎಲ್ಲಾ ಅದರಲ್ಲೇ. ಕೆಲವು ಮಳೆಗಾಲ ದಾಟಿದ ಮೇಲೆ ಬರೆಯುತ್ತಿದ್ದೇನೆ. ಕೆಲಸಕ್ಕೆ ತುಂಬಾ ಒಳ್ಳೆಯದು. ಆಳು ಸಿಗದ ಕಾಲದಲ್ಲಿ ಇದಿಲ್ಲದಿದ್ದರೆ ಮಣ್ಣು ಹಾಕುವ ಮಾತೇ ಇರಲಿಲ್ಲ. ಆದರೆ ಚಿರೆಕಲ್ಲಿನ ಗಟ್ಟಿ ನೆಲ ಅಗೆಯುತ್ತೇನೆ ಅಂತ ತೆಗೆದುಕೊಳ್ಳಬೇಡಿ, ಇದು ತುಂಬಿ ಎತ್ತುವ ಯಂತ್ರ, ಅಗೆಯುವುದಲ್ಲ. ಹಿಂದೆ ರೋಟವೇಟರ್ ಅಥವಾ ಭಾರದ ಪೆಟ್ಟಿಗೆ ಇಲ್ಲದೆ ಬಕೆಟ್ ತುಂಬಲೂ ಬೇಡಿ, ಹಿಂದಿನ ಚಕ್ರ ನೆಲ ಬಿಡುತ್ತದೆ.

ಈಗ ಮುಖ್ಯ ವಿಷಯ. ಕಳೆದ ಬೇಸಿಗೆಯಲ್ಲಿ ಲೋಡರಿನ ಶಕ್ತಿ ಕುಗ್ಗಿತು. ಬೆಳಿಗ್ಗೆ ಚೆನ್ನಾಗಿ ಎತ್ತುತ್ತಿತ್ತು. ಲೋಡರ್ ಎತ್ತುವ ಹೈಡ್ರಾಲಿಕ್ ಎಣ್ಣೆ ಬಿಸಿಯಾಗುತ್ತಾ ಬಂದ ಹಾಗೆ ಒದ್ದೆ ಮಣ್ಣಿನ ಬಕೆಟ್ ಅರ್ಧಕ್ಕೆ ನಿಲ್ಲುತ್ತಿತ್ತು, ಜೊತೆಗೆ ಬ್ಲಾಕಿನ (ಲೋಡರಿನ ಲಿವರುಗಳಿರುವ ವಾಲ್ವ್ ಪೆಟ್ಟಿಗೆ) ಹತ್ತಿರ ಸಣ್ಣಗೆ ಸುಂಯ್ ಅಂತ ಸದ್ದು. ವರ್ಕ್‌ಶಾಪಿನವರು ನಿಂತಲ್ಲೇ ಹೇಳಿದರು, "ಹೆಗಡೇರೇ, ಪಂಪು ಹೋಗಿದೆ, ಬದಲಾಯಿಸಿಬಿಡುವ." ಬಿಸಿಯಾದಾಗ ಶಕ್ತಿ ಹೋದರೆ ಪಂಪು ಸವೆದಿದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಎಣ್ಣೆ ಬಿಸಿಯಾಗಿ ತೆಳ್ಳಗಾದರೆ ಸವೆದ ಗೇರ್ ಪಂಪಿನೊಳಗೇ ಸೋರಿಹೋಗುತ್ತದೆ. ಆದರೆ ನಮ್ಮಲ್ಲಿ ಅದೇ ಬಿಸಿ ಎಣ್ಣೆಯಲ್ಲಿ ಹಿಂದಿನ ಲಿಫ್ಟ್ ರೋಟವೇಟರನ್ನು ಸಲೀಸಾಗಿ ಎತ್ತುತ್ತಿತ್ತು! ಎರಡಕ್ಕೂ ಇರುವುದು ಒಂದೇ ಪಂಪು. ಪಂಪು ಸತ್ತಿದ್ದರೆ ಎರಡೂ ಸೋಲಬೇಕಿತ್ತು, ಅಲ್ವಾ?

ನಿಮ್ಮ ಟ್ರ್ಯಾಕ್ಟರಿನಲ್ಲೂ ಇದನ್ನು ಮೊದಲು ನೋಡಿ. ಎರಡೂ ಸೋಲುತ್ತಿದ್ದರೆ ಎಣ್ಣೆ ಮಟ್ಟ, ಸಕ್ಷನ್ ಸ್ಟ್ರೈನರ್ (ಪಂಪಿಗೆ ಹೋಗುವ ಎಣ್ಣೆ ಸೋಸುವ ಜಾಲರಿ), ಆಮೇಲೆ ಪಂಪು. ಲೋಡರ್ ಮಾತ್ರ ಸೋಲುತ್ತಿದ್ದರೆ ಕಪ್ಲರ್ (ಹೋಸ್ ಸಿಕ್ಕಿಸುವ ಜೋಡಣೆ), ಬ್ಲಾಕ್, ಸಿಲಿಂಡರ್ ಕಡೆ ಹುಡುಕಿ. ನಿಧಾನ ಆಗುವುದು ಬೇರೆ, ಶಕ್ತಿ ಇಲ್ಲದಿರುವುದು ಬೇರೆ. ಬಕೆಟ್ ನಿಧಾನಕ್ಕಾದರೂ ಪೂರ್ತಿ ಭಾರ ಎತ್ತಿದರೆ ಎಣ್ಣೆಯ ಹರಿವು ಕಡಿಮೆ ಅಂತ ಅರ್ಥ. ಖಾಲಿ ಇದ್ದಾಗ ಸರಸರ ಎದ್ದು, ಭಾರ ಬಿದ್ದಾಗ ನಿಂತರೆ ಒತ್ತಡ ಕಡಿಮೆ. ನಮ್ಮದು ಎರಡನೆಯದು.

ಊಹೆ ಮಾಡುತ್ತಾ ಕೂರುವ ಬದಲು 250 ಬಾರ್ (ಒತ್ತಡದ ಅಳತೆ) ತನಕ ತೋರಿಸುವ ಗ್ಲಿಸರಿನ್ ತುಂಬಿದ ಗೇಜ್ ಒಂದನ್ನು ತಂದೆವು. ಹೊಸ ಪಂಪಿನ ಬೆಲೆ ಮುಂದೆ ಅದರ ಖರ್ಚು ಲೆಕ್ಕಕ್ಕೇ ಇಲ್ಲ. ನಮ್ಮ ಲೋಡರಿಗೆ ಎಣ್ಣೆ ಬರುವುದು ಟ್ರ್ಯಾಕ್ಟರಿನ ಆಕ್ಸಿಲರಿ ಔಟ್‌ಲೆಟ್‌ನಿಂದ, ಕ್ವಿಕ್ ಕಪ್ಲರ್ ಮೂಲಕ. ಗೇಜಿಗೂ ಅಂಥದೇ ಕಪ್ಲರ್ ಹಾಕಿ, ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಸೀದಾ ಔಟ್‌ಲೆಟ್‌ಗೆ ಚುಚ್ಚಿ ಲಿವರ್ ಎಳೆದರೆ 150 ಬಾರ್. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುವುದೂ ಅಷ್ಟೇ. ಪಂಪು ಗಟ್ಟಿಯಾಗಿದೆ ಅಂತ ಅಲ್ಲಿಗೇ ಗೊತ್ತಾಯಿತು. ಆಮೇಲೆ ಲೋಡರ್ ಬ್ಲಾಕಿನ ಬಾಯಿಗೆ T ಆಕಾರದ ಕವಲು ಜೋಡಣೆ ಹಾಕಿ ಅದೇ ಗೇಜ್ ಕೂರಿಸಿ, ಬಕೆಟ್ ಪೂರ್ತಿ ಮಡಚಿ ಲಿವರ್ ಹಿಡಿದರೆ ಮುಳ್ಳು 90ರ ಹತ್ತಿರ ನಿಂತಿತು. ಈ ಪರೀಕ್ಷೆ ಎರಡು ಮೂರು ಸೆಕೆಂಡು ಮಾತ್ರ. ಜಾಸ್ತಿ ಹೊತ್ತು ಹಿಡಿದರೆ ಎಣ್ಣೆ ಕಾದು ಪಂಪಿಗೆ ಪೆಟ್ಟು.

150ಕ್ಕೂ 90ಕ್ಕೂ ಎಷ್ಟು ವ್ಯತ್ಯಾಸ ನೋಡಿ. 50 ಮಿಲಿಮೀಟರ್ ಬೋರ್ ಸಿಲಿಂಡರ್ 150 ಬಾರಿನಲ್ಲಿ ಸುಮಾರು 3000 ಕಿಲೋ ಬಲದಿಂದ ತಳ್ಳುತ್ತದೆ. 90 ಬಾರಿನಲ್ಲಿ 1800 ಮಾತ್ರ. ಬಕೆಟ್ ತುದಿಗೆ ಬರುವಾಗ ತೋಳಿನ ಉದ್ದದಿಂದ ಅದೂ ಇನ್ನಷ್ಟು ಕಡಿಮೆ ಆಗುತ್ತದೆ. ಒದ್ದೆ ಮಣ್ಣು ಏಳದಿದ್ದರೆ ಆಶ್ಚರ್ಯ ಇಲ್ಲ.

ಕಪ್ಲರ್ ಬಿಚ್ಚಿ ನೋಡಿದೆವು, ಪೂರ್ತಿ ಕೂತಿತ್ತು. ಉಳಿದದ್ದು ಬ್ಲಾಕಿನ ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದರೆ ತೆರೆದು ಎಣ್ಣೆ ಬಿಡುವ ವಾಲ್ವ್. ಎಂಜಿನ್ ನಿಲ್ಲಿಸಿ, ಬಕೆಟ್ ನೆಲಕ್ಕಿಟ್ಟು, ಲಿವರುಗಳನ್ನು ಆಚೀಚೆ ಆಡಿಸಿ ಒತ್ತಡ ಬಿಟ್ಟು, ವಾಲ್ವ್ ಬಿಚ್ಚಿದರೆ ಒಳಗಿನ ಚೂಪು ಪಾಪೆಟ್ಟಿಗೂ (ಎಣ್ಣೆಯ ದಾರಿ ಮುಚ್ಚುವ ಬಿರಡೆ) ಅದು ಕೂರುವ ಸೀಟಿಗೂ ಮಧ್ಯೆ ಬಿಳಿ ಟೆಫ್ಲಾನ್ ಟೇಪಿನ ತುಣುಕು! ಉಗುರಿನಷ್ಟೂ ಇರಲಿಲ್ಲ. ಲೋಡರ್ ಜೋಡಿಸಿದವರು ಪೈಪಿನ ಅಡಾಪ್ಟರುಗಳಿಗೆ ನಲ್ಲಿಗೆ ಸುತ್ತುವ ಹಾಗೆ ಟೇಪ್ ಸುತ್ತಿದ್ದರು. ಅದು ಹರಿದು ಎಣ್ಣೆ ಜೊತೆ ಬಂದು ಅಲ್ಲಿ ಸಿಕ್ಕಿಕೊಂಡು, ವಾಲ್ವ್ ಯಾವಾಗಲೂ ಚೂರು ತೆರೆದೇ ಇತ್ತು. ಆ ಸುಂಯ್ ಸದ್ದು ಅದರದ್ದೇ. ಅಷ್ಟು ಒತ್ತಡದಲ್ಲಿ ಸಂದಿಯಿಂದ ನುಗ್ಗುವ ಎಣ್ಣೆ ಸುಮ್ನೆ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ತೆಳ್ಳಗಾಗಿ ಇನ್ನೂ ಸೋರುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಸೋಲು ಯಾಕೆ ಅಂತ ಆಗ ಅರ್ಥವಾಯಿತು. ಡೀಸೆಲ್ಲಿನಲ್ಲಿ ತೊಳೆದು, ಟೇಪೆಲ್ಲ ತೆಗೆದು, ಹೈಡ್ರಾಲಿಕ್ಕಿಗೆ ಆಗುವ ದ್ರವದ ಸೀಲರ್ ಹಚ್ಚಿ, ಫಿಲ್ಟರ್ ಬದಲಿಸಿದೆವು. ಈಗ ಬ್ಲಾಕಿನಲ್ಲೂ 150 ತೋರಿಸುತ್ತದೆ, ಸಂಜೆವರೆಗೂ ಎತ್ತುತ್ತದೆ.

ಶಕ್ತಿ ಕಡಿಮೆಯಾದ ಕೂಡಲೇ ರಿಲೀಫ್ ಸ್ಕ್ರೂ ತಿರುಗಿಸುವವರು ನಮ್ಮ ಕಡೆ ಬಹಳ. ದಯವಿಟ್ಟು ಗೇಜ್ ಇಲ್ಲದೆ ಅದನ್ನು ಮುಟ್ಟಬೇಡಿ. ಕಸ ಸಿಕ್ಕಿಕೊಂಡಿದ್ದಾಗ ಬಿಗಿ ಮಾಡಿ, ಆಮೇಲೆ ಕಸ ತಾನಾಗಿ ಹೋದರೆ ಒತ್ತಡ ಎಲ್ಲಿಗೆ ಏರಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹೋಸ್ ಒಡೆಯಬಹುದು, ತೋಳು ಬಾಗಬಹುದು. ಹೋಸಿನ ಸೂಜಿಮೊನೆ ತೂತಿನಿಂದ ಹಾರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರಿಕೆ ಹುಡುಕಲು ಕೈ ಸವರಬೇಡಿ, ರಟ್ಟು ಹಿಡಿಯಿರಿ. ಹಾಗೇನಾದರೂ ಚರ್ಮಕ್ಕೆ ಹೊಕ್ಕರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮಳೆಗೆ ಇನ್ನೊಂದು ಕಾಟ ಇದೆ. ಆಷಾಢದಲ್ಲಿ ಟ್ರ್ಯಾಕ್ಟರ್ ಹೊರಗೆ ನಿಂತರೆ ಬ್ರೀದರಿನಿಂದ (ಎಣ್ಣೆ ಟ್ಯಾಂಕಿಗೆ ಗಾಳಿ ಆಡುವ ತೂತು) ನೀರು ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಎಣ್ಣೆ ಮಜ್ಜಿಗೆ ಹಾಗೆ ಬೆಳ್ಳಗೆ ಕಂಡರೆ ಬದಲಿಸಲೇಬೇಕು. ಅದೇ ಎಣ್ಣೆ ಗೇರಿಗೂ ಬ್ರೇಕಿಗೂ ಹೋಗುವ ಟ್ರ್ಯಾಕ್ಟರುಗಳಲ್ಲಿ ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ. ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ಸಿಲಿಂಡರ್ ರಾಡನ್ನೂ ನೋಡಿಕೊಳ್ಳಬೇಕು. ಉಪ್ಪುಗಾಳಿಗೆ ಕ್ರೋಮ್ ಮೇಲೆ ಚುಕ್ಕೆ ತುಕ್ಕು ಬಂದರೆ ಅದು ಪ್ರತಿ ಸಲವೂ ಸೀಲನ್ನು ಕೆರೆಯುತ್ತದೆ. ಕೆಲಸ ಮುಗಿದ ಮೇಲೆ ರಾಡ್ ಒಳಗೆ ಎಳೆದು ನಿಲ್ಲಿಸಿ, ಹೊರಗೆ ಉಳಿದ ಭಾಗಕ್ಕೆ ಗ್ರೀಸ್ ಸವರಿ.

ಹೊಸದು ಕೊಳ್ಳುವವರು ಅಡಾಪ್ಟರುಗಳಿಗೆ ಏನು ಹಚ್ಚುತ್ತಾರೆ ಅಂತ ಜೋಡಿಸುವಾಗಲೇ ಎದುರು ನಿಂತು ನೋಡಿ. ಸಿಲಿಂಡರ್ ಬೋರ್, ರಾಡ್ ಅಳತೆ, ಸೀಲ್ ಕಿಟ್ಟಿನ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಮ್ಮದರ ಸೀಲ್ ಕಿಟ್ ಶಿರಸಿಯಲ್ಲಿ ಸಿಗಲಿಲ್ಲ. ನಂಬರ್ ಇದ್ದಿದ್ದರಿಂದ ಹುಬ್ಬಳ್ಳಿಗೆ ಫೋನ್ ಮಾಡಿ ಬಸ್ಸಿಗೆ ಹಾಕಿಸಿ ತರಿಸಿಕೊಂಡೆವು.