ಎಣ್ಣೆಗೆ ಮೂರು, ಹೊಗೆಗೆ ಸೊನ್ನೆ, ಮಾತಿಗೆ ಐದು: ನಮ್ಮ ಎರೆಯೋ ಆಯಿ

ಕಲಬುರಗಿಯಲ್ಲಿ ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಯಾರನ್ನು ಕರೆಯೋದು ಅಂತ ಈ ತಿಂಗಳು ಮೂವರು ಕೇಳಿದ್ದಾರೆ. ಮೂವರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ನನಗೆ ಎರಡು ಬಾಣಂತನ ಆಗಿವೆ. ಮೊದಲನೆಯದು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಟ್ಟನಡುವೆ. ಎರಡನೆಯದು 2024ರಲ್ಲಿ. ಎರಡಕ್ಕೂ ಬಂದವಳು ಬ್ರಹ್ಮಪುರದ ಕಡೆಯ ಒಬ್ಬ ಆಯಿ. ಹೆಸರು ಹಾಕಲ್ಲ, ಅವಳಿಗೆ ಇಷ್ಟ ಆಗಲ್ಲ.

ಮೊದಲು 2021ರ ಕಥೆ ಹೇಳಬೇಕು. ಆಯಿ ಬರದೇ ಇದ್ದ ಆ ನಲವತ್ತು ದಿನ ಗೊತ್ತಾಗದೆ ಅವಳಿಗೆ ಮಾರ್ಕ್ಸ್ ಹಾಕೋಕೆ ಬರಲ್ಲ.

ದೇಶದಲ್ಲಿ ಕೋವಿಡ್‌ಗೆ ಮೊದಲು ತೀರಿಕೊಂಡವರು ನಮ್ಮೂರಿನವರೇ, 2020ರ ಮಾರ್ಚ್‌ನಲ್ಲಿ. ಹಾಗಾಗಿ ನನ್ನ ಹೆರಿಗೆ ಹೊತ್ತಿಗೆ ನಮ್ಮ ಮಂದಿಯ ಹೆದರಿಕೆಗೆ ವರ್ಷ ದಾಟಿತ್ತು. ಕುಬಸ ಮಾಡಲಿಲ್ಲ. ಆಸ್ಪತ್ರೆಗೆ ಒಬ್ಬರೇ ಜೊತೆಗೆ ಬರಬೇಕು ಅಂದರು, ಅವ್ವ ಬಂದಳು. ನಮ್ಮವರು ಪುಣೆಯಲ್ಲಿ ಸಿಕ್ಕಿಕೊಂಡು ಮಗಳ ಮುಖವನ್ನು ಮೊದಲು ನೋಡಿದ್ದೇ ಫೋನಿನಲ್ಲಿ. ಮನೆಗೆ ಬಂದ ಎಂಟನೇ ದಿನ ಅವ್ವನಿಗೆ ಜ್ವರ. ಅವಳು ಮೇಲಿನ ಖೋಲಿ ಸೇರಿದಳು. ರೊಟ್ಟಿ ಬಡಿಯಲು ಬಾರದ ಅಪ್ಪ ನನಗೆ ಎರಡು ಹೊತ್ತೂ ಸಜ್ಜಕ ಮಾಡಿ ಹಾಕಿದರು. ಗಂಟು ಗಂಟು ಸಜ್ಜಕ. ಪಾಪ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅಕ್ಕ ಬರುತ್ತಿದ್ದರು. 3, 7, 14, 21, 28, 42, ಇದು ಅವರು ಮನೆಗೆ ಬಂದು ನೋಡಬೇಕಾದ ದಿನಗಳ ಪಟ್ಟಿ. ಅದರ ಮೇಲೆ ಕೋವಿಡ್ ಸರ್ವೆ ಬೇರೆ. ಗೇಟಿನ ಆಚೆಯಿಂದ ಕೂಸಿನ ತೂಕ, ಜ್ವರ, ಹೊಕ್ಕಳು ಕೇಳಿ ಬರೆದುಕೊಳ್ಳುತ್ತಿದ್ದರು. ನಾನೂ ಏನೂ ಹೇಳಲಿಲ್ಲ. ಓಣಿಯೆಲ್ಲ ಕೇಳುವಂತೆ ಗೇಟಿನಲ್ಲಿ ನಿಂತು ಮಾಸ್ಕ್ ಒಳಗಿಂದ ಏನಂತ ಹೇಳೋದು?

ಮಧ್ಯಾಹ್ನ ನಾಲ್ಕಾದರೆ ಸಾಕು, ಅಳು ಬರುತ್ತಿತ್ತು. ಕೂಸು ಮಲಗಿದರೂ ನನಗೆ ನಿದ್ದೆ ಇಲ್ಲ, ಅದರ ಹೊಟ್ಟೆ ಏಳುತ್ತಾ ಇಳಿಯುತ್ತಾ ಅಂತ ನೋಡುತ್ತಾ ಕೂರುತ್ತಿದ್ದೆ. ಅಪ್ಪ ಅವ್ವನಿಗಾಗಿ ಆಕ್ಸಿಮೀಟರ್ ತಂದಿದ್ದರು. ಅದನ್ನು ಕದ್ದು ತಂದು ಕೂಸಿನ ಕಾಲ್ಬೆರಳಿಗೆ ಹಾಕುತ್ತಿದ್ದೆ. ಅವರೆಕಾಳಿನಷ್ಟು ಬೆರಳು, ಜಾರಿ ಬೀಳುತ್ತಿತ್ತು, ಅಂಕಿ ಬರುತ್ತಿರಲಿಲ್ಲ, ಅಂಕಿ ಬರಲಿಲ್ಲ ಅಂತ ಮತ್ತೆ ಅಳು.

ವೈನಿ ಒಂದು ನಂಬರ್ ಕಳಿಸಿದರು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಆಗ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಡೆಸುತ್ತಿದ್ದ ಸಹಾಯವಾಣಿ. ಮನೆಯೊಳಗೆ ಮಾತಾಡಲು ಆಗದೆ ಮಾಳಿಗೆ ಹತ್ತಿದೆ. ಸಂಜೆ ಏಳಕ್ಕೂ ಶಹಾಬಾದ್ ಫರ್ಸಿ ಸುಡುತ್ತಿತ್ತು, ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ನಿಂತೇ ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಕೇಳಿದ್ದು, ನೀವು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು ಅಂತ. ಹೆರಿಗೆಯಾದ ಮೊದಲ ವಾರ ಸುಮ್ನೆ ಅಳು ಬರೋದು ತುಂಬಾ ಜನರಿಗೆ ಇರುತ್ತೆ, ಎರಡು ವಾರದೊಳಗೆ ತಾನೇ ಇಳಿಯುತ್ತೆ, ಅದು ದಾಟಿಯೂ ಉಳಿದರೆ ಕಾಯಿಲೆ, ಅದಕ್ಕೆ ಔಷಧಿ ಇದೆ ಅಂದರು. ನನಗೆ ಆಗಲೇ 24ನೇ ದಿನ. ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕು, ಕೂಸಿಗೆ ಏನಾದರೂ ಮಾಡಬೇಕು ಅಂತ ಅನಿಸಿದೆಯಾ ಅಂತಲೂ ನೇರವಾಗಿ ಕೇಳಿದರು. ಅದನ್ನು ಬಾಯಿಬಿಟ್ಟು ಕೇಳಿದವರು ಅವರೊಬ್ಬರೇ. ಅವರು ಹೇಳಿದಂತೆ ಡಾಕ್ಟರ್ ಹತ್ತಿರ ಹೋದೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟರು. ನೀನೊಬ್ಬಳೇ ಅಲ್ಲಮ್ಮ ಅಂತಲೂ ಹೇಳಿದರು. ಆಮೇಲೆ ಓದಿದೆ, ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಕೂಡಿಸಿ 2017ರಲ್ಲಿ ಹಾಕಿದ ಲೆಕ್ಕದಲ್ಲಿ 100 ಬಾಣಂತಿಯರಲ್ಲಿ 22 ಮಂದಿಗೆ ಈ ಖಿನ್ನತೆ. ಕೋವಿಡ್ ಬರುವ ಮುಂಚಿನ ಲೆಕ್ಕ ಅದು.

ಈಗ ಆಯಿ. ಜೂನ್ ಮಧ್ಯದಲ್ಲಿ ಲಾಕ್‌ಡೌನ್ ಸಡಿಲ ಆದ ಮೇಲೆ ಬಂದಳು. ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, ಯಾರೂ ಕೇಳದೇ ಇದ್ದರೂ, "ಸೂಜಿ ಹಾಕಿಸ್ಕೊಂಡೀನ್ರಿ" ಅಂದಳು. ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ಎರೆದು, ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಆಮೇಲೆ ನನ್ನನ್ನು ಬಚ್ಚಲಲ್ಲಿ ಮಣೆ ಮೇಲೆ ಕೂರಿಸಿ ಬಾಗಿಲು ಹಾಕಿದಳು. ಹಂಡೆಯಿಂದ ತಂಬಿಗೆ ತಂಬಿಗೆ ನೀರು, ಮೊದಲು ಸೊಂಟಕ್ಕೆ, ಆಮೇಲೆ ಬೆನ್ನಿಗೆ. ನಾಲ್ಕನೆಯದೋ ಐದನೆಯದೋ ತಂಬಿಗೆಗೆ ಕೇಳಿದಳು.

"ಕೂಸು ಚಲೋ ಅದ. ನೀ ಹ್ಯಾಂಗ ಇದ್ದಿ?"

ನಾನು ಆರಾಮ ಅಂದೆ.

"ಅತ್ತುಬಿಡು ಯವ್ವಾ. ನಾ ನೀರ್ ಹಾಕ್ತೀನಿ, ಸಪ್ಪಳದಾಗ ಯಾರಿಗಿ ಕೇಳ್ತದ?"

ಎಷ್ಟು ಹೊತ್ತು ಹಾಕಿದಳೋ ಗೊತ್ತಿಲ್ಲ. ಹಂಡೆ ಖಾಲಿಯಾಗಿ ಅಪ್ಪ ಹೊರಗಿನಿಂದ ಇನ್ನೊಂದು ಕೊಡ ಬೇಕಾ ಅಂತ ಕೇಳಿದರು. ಬೇಕು ಅಂದಳು ಆಯಿ. ಮೂವತ್ತು ವರ್ಷದಿಂದ ಬಾಣಂತಿಯರಿಗೆ ನೀರು ಹಾಕುತ್ತಿರುವವಳು, ಬಚ್ಚಲಿನ ಉಪಯೋಗ ಏನೇನು ಅಂತ ಅವಳಿಗೆ ಗೊತ್ತಿತ್ತು. ಅಂದಿನಿಂದ ದಿನಾ ಒಂದು ಮನೆಯ ಕಥೆ. ಯಾರ ಹೆಸರೂ ಹೇಳಲ್ಲ, ಬರೀ "ಒಂದ್ ಮನ್ಯಾಗ" ಅಂತ ಶುರು ಮಾಡುತ್ತಾಳೆ. ಒಂದು ಮನೆಯಲ್ಲಿ ಬಾಣಂತಿ ಕೂಸನ್ನು ಮುಟ್ಟಲೇ ಒಲ್ಲೆ ಅಂದಳಂತೆ, ಈಗ ಆ ಹುಡುಗ ಶಾಲೆಗೆ ಹೋಗ್ತಾನಂತೆ. ಮಾತ್ರೆ ನುಂಗೋದನ್ನ ಹೇಳಿದಾಗ ಬೈಯುತ್ತಾಳೆ ಅಂದುಕೊಂಡಿದ್ದೆ. "ನುಂಗು, ಉಂಡ ಮ್ಯಾಲೆ ನುಂಗು" ಅಂದಳು, ಅಷ್ಟೇ.

ಇನ್ನು ದೂರುಗಳು. ಕಡಿಮೆ ಏನಿಲ್ಲ.

ಕೂಸಿನ ಕಿವಿಗೆ, ಮೂಗಿಗೆ ಎಣ್ಣೆ ಬಿಡಲು ಬರುತ್ತಾಳೆ. ಮಕ್ಕಳ ಡಾಕ್ಟರ್ ಬೇಡವೇ ಬೇಡ ಅನ್ನುತ್ತಾರೆ, ಎಣ್ಣೆ ಶ್ವಾಸಕ್ಕೆ ಇಳಿದರೆ ಕಷ್ಟ. ಕೂಸಿನ ಎದೆ ಹಿಂಡಿ ಹಾಲು ತೆಗೆಯಲು ಹೋಗುತ್ತಾಳೆ, ಹುಟ್ಟಿದ ಕೂಸಿನ ಎದೆ ಸ್ವಲ್ಪ ಉಬ್ಬಿರೋದು ಸಹಜ, ಹಿಂಡಿದರೆ ಕೀವಾಗುತ್ತೆ. ನೀವು ಪಕ್ಕದಲ್ಲೇ ಕೂತು ಕೈ ಹಿಡಿಯಬೇಕು. ನಾನು ಹಿಡಿದೆ, ಎರಡು ದಿನ ಮುಖ ಊದಿಸಿಕೊಂಡಳು, ಮೂರನೇ ದಿನ ಬಿಟ್ಟಳು. ಶೇಗಡಿಯಲ್ಲಿ ಕೆಂಡ ಹಾಕಿ, ಬಾಗಿಲು ಕಿಟಕಿ ಮುಚ್ಚಿ ಲೋಬಾನದ ಹೊಗೆ ಕೊಡುವುದಂತೂ ಖಂಡಿತ ಒಪ್ಪಬೇಡಿ. ಮುಚ್ಚಿದ ಖೋಲಿಯಲ್ಲಿ ಕೆಂಡ ಅಂದರೆ ವಿಷಗಾಳಿ. ಇದಕ್ಕೆ ಸೊನ್ನೆ ಮಾರ್ಕ್ಸ್. ನೀರು ಜಾಸ್ತಿ ಕುಡಿಯಬೇಡ ಅಂತಲೂ ಹೇಳುತ್ತಾಳೆ. ಕಲಬುರಗಿಯ ಬೇಸಿಗೆಯಲ್ಲಿ, ಹಾಲು ಕುಡಿಸುವವಳಿಗೆ! ನಾನು ತಲೆ ಆಡಿಸಿ, ಅವಳು ಹೋದ ಮೇಲೆ ಚರಿಗೆ ಎತ್ತಿ ಕುಡಿಯುತ್ತಿದ್ದೆ.

ತಿಕ್ಕುವುದೂ ಸುಮಾರು. ಬೆನ್ನಿಗೆ ಚೆನ್ನಾಗಿ ತಿಕ್ಕುತ್ತಾಳೆ, ಕಾಲಿಗೆ ಬಂದಾಗ ಮಾತಿನಲ್ಲಿ ಮರೆತುಬಿಡುತ್ತಾಳೆ.

2024ರಲ್ಲಿ ನಮ್ಮವರು ಈ ಸಲ ಎಲ್ಲ ಅಚ್ಚುಕಟ್ಟಾಗಿ ಆಗಲಿ ಅಂತ ಒಂದು ಏಜೆನ್ಸಿಯ 15 ದಿನದ ಪ್ಯಾಕೇಜ್ ಹಿಡಿದಿದ್ದರು. ಸಮವಸ್ತ್ರ, ಕೈಗವಸು, ಸರಿಯಾಗಿ 45 ನಿಮಿಷ. ಕೈಕೆಲಸ ಆಯಿಗಿಂತ ಎಷ್ಟೋ ಚೆಂದ, ಕೂಸಿನ ಕಿವಿಗೆ ಎಣ್ಣೆ ಅನ್ನೋ ಮಾತೇ ಇಲ್ಲ. ಆದರೆ ಆ ಹುಡುಗಿ "ಮೇಡಂ, ತಿರುಗಿ" ಅನ್ನೋದು ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಆರನೇ ದಿನ ನಾನೇ ಬೇಡ ಅಂದೆ. ಉಳಿದ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಆಯಿಗೆ ಹೇಳಿ ಕಳಿಸಿದೆವು. ಬಂದವಳೇ ದೊಡ್ಡ ಮಗಳ ಕೆನ್ನೆ ಹಿಡಿದು, "ನಿನ್ನ ಕಾಲಕ್ಕ ನಿಮ್ಮವ್ವ ಎರಡ್ ಹಂಡೆ ನೀರು ಖಾಲಿ ಮಾಡ್ಯಾಳ" ಅಂದಳು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಯಿ ಡಾಕ್ಟರ್ ಅಲ್ಲ. 2021ರಲ್ಲಿ ನನ್ನ ನಿದ್ದೆ ವಾಪಸ್ ತಂದಿದ್ದು ಮಾತ್ರೆ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಕೂಸಿನ ಮೇಲೆ ಮನಸ್ಸೇ ಬರದಿದ್ದರೆ, ಬೇಡದ ಯೋಚನೆ ಬಂದರೆ, ಆಯಿ ಬರೋ ತನಕ ಕಾಯಬೇಡಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿ, ದಿನದ 24 ತಾಸೂ ನಡೆಯುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾಳಿಗೆ ಮೇಲೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಿ.

ಆಯಿಯ ದರ 2021ರಲ್ಲಿ ದಿನಕ್ಕೆ 150 ರೂಪಾಯಿ, 2024ರಲ್ಲಿ 250. ಕೊನೆಯ ದಿನ ಸೀರೆ, ಕುಪ್ಪಸದ ಖಣ, ಐದು ಸೇರು ಜೋಳ. ಚೌಕಾಸಿ ಮಾಡಬೇಡಿ. ಅವಳ ಹತ್ತಿರ ಫೋನಿಲ್ಲ, ಬೆಳಿಗ್ಗೆ ಏಳರೊಳಗೆ ಮನೆಗೇ ಹೋಗಿ ಹೇಳಬೇಕು. ಮನೆ ಯಾವುದು ಅಂತ ನನಗೆ ಮೆಸೇಜ್ ಮಾಡಿದರೆ ಅವಳನ್ನು ಕೇಳಿ ಹೇಳುತ್ತೇನೆ. ಶುಕ್ರವಾರ ಬರಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು. ಹಂಡೆ ಮಾತ್ರ ದೊಡ್ಡದೇ ಇಡಿ.