ಒಂದೂ ರಾಕ್ಷಸ ಇಲ್ಲದ ‘ಡಾಕ್ಟರ್ ಹೂ’

ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ ‘ಡಾಕ್ಟರ್ ಹೂ’ದ ಹಳೇ ಕತೆಗಳನ್ನು ಎಲ್ಲಿಂದ ನೋಡಲಿ ಅಂತ ಯಾರನ್ನೇ ಕೇಳಿ, ಹೆಚ್ಚುಕಡಿಮೆ ಒಂದೇ ಪಟ್ಟಿ ಸಿಗುತ್ತದೆ. ಟಾಮ್ ಬೇಕರ್ ಡಾಕ್ಟರ್ ಆಗಿದ್ದ ಕಾಲದ ನಾಲ್ಕೈದು ಕತೆ, ಡಾಲೆಕ್ ಅನ್ನುವ ಶತ್ರುಗಳು ಬರುವ ಒಂದೆರಡು. ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಕಟ್ಟಿಹಾಕಿದ್ದು ಆ ಪಟ್ಟಿಯಲ್ಲಿ ಅಪರೂಪಕ್ಕೂ ಕಾಣದ ‘ದಿ ಎನಿಮಿ ಆಫ್ ದಿ ವರ್ಲ್ಡ್’. 1967ರ ಡಿಸೆಂಬರ್‌ನಲ್ಲಿ ಶುರುವಾಗಿ 1968ರ ಜನವರಿಯಲ್ಲಿ ಮುಗಿದ ಆರು ಕಂತು.

ಆ ಸೀಸನ್‌ನ ಬೇರೆ ಕತೆಗಳಲ್ಲೆಲ್ಲ ಸೈಬರ್‌ಮೆನ್, ಯೇಟಿ, ಐಸ್ ವಾರಿಯರ್ಸ್, ಹೀಗೆ ಏನಾದರೊಂದು ಬಂದು ಹೆದರಿಸುತ್ತದೆ. ಇಲ್ಲಿ ಮನುಷ್ಯರೇ ಸಾಕು. ಜನ ಇದನ್ನು ಬದಿಗಿಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಟೇಪ್ ದುಬಾರಿ ಅಂತ ಬಿಬಿಸಿಯವರು ಹಳೇ ಕಾರ್ಯಕ್ರಮಗಳನ್ನು ಅಳಿಸಿಬಿಡುತ್ತಿದ್ದರು. ಈ ಕತೆಯಲ್ಲಿ ದಶಕಗಳ ಕಾಲ ಉಳಿದಿದ್ದು ಮೂರನೇ ಕಂತು ಮಾತ್ರ. ಆರರಲ್ಲಿ ಜಾಸ್ತಿ ನಿಧಾನದ್ದೇ ಅದು, ಅರ್ಧ ಅಡುಗೆಮನೆಯಲ್ಲೇ ನಡೆಯುತ್ತದೆ. ಅದೊಂದನ್ನು ನೋಡಿ ‘ಬೋರು’ ಅಂದವರನ್ನು ಹೇಗೆ ದೂರೋದು? ಉಳಿದ ಐದು ಕಂತು ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಲ್ಲಿ ಸಿಕ್ಕಿವೆ ಅಂತ ಗೊತ್ತಾಗಿದ್ದು 2013ರಲ್ಲಿ.

ಕತೆ ಇಷ್ಟು. ಸಾಲಮ್ಯಾಂಡರ್ ಅನ್ನುವ ನಾಯಕ ಜಗತ್ತಿಗೆಲ್ಲ ಅನ್ನದಾತನ ವೇಷ ಹಾಕಿಕೊಂಡು ಒಂದೊಂದೇ ದೇಶ ನುಂಗುತ್ತಿದ್ದಾನೆ. ನೋಡಲು ಥೇಟ್ ಸರಣಿಯ ನಾಯಕ ಡಾಕ್ಟರ್ ಥರ. ಎರಡೂ ಪಾತ್ರ ಪ್ಯಾಟ್ರಿಕ್ ಟ್ರಾಟನ್‌ದೇ. ಮೊದಲ ಕಂತಿನ ಕೊನೆಗೆ ಭದ್ರತಾ ಅಧಿಕಾರಿ ಬ್ರೂಸ್ ಬಾಗಿಲಿಗೇ ಬಂದು ನಿಲ್ಲುತ್ತಾನೆ. ತಯಾರಿಯೇ ಇಲ್ಲದೆ ಡಾಕ್ಟರ್ ಈಗ ಸಾಲಮ್ಯಾಂಡರ್ ಆಗಬೇಕು. ಟ್ರಾಟನ್ ಅಲ್ಲಿ ಮಾಡುವುದು ಸಾಲಮ್ಯಾಂಡರ್ ಪಾತ್ರವಲ್ಲ, ಡಾಕ್ಟರ್ ಮಾಡುವ ಸಾಲಮ್ಯಾಂಡರ್ ಪಾತ್ರ. ಅಸಲಿ ಬಂದಾಗ ವ್ಯತ್ಯಾಸ ಕಾಣುತ್ತದೆ: ಅವನು ಗದರಬೇಕಾಗಿಯೇ ಇಲ್ಲ, ನಗುನಗುತ್ತಲೇ ಹೆದರಿಸುತ್ತಾನೆ.

ಆ ಬಡಪಾಯಿ ಮೂರನೇ ಕಂತಿಗೂ ಈಗ ಬೆಲೆ ಬಂದಿದೆ. ಅದರಲ್ಲಿ ಗ್ರಿಫಿನ್ ಅಂತ ಒಬ್ಬ ಬಾಣಸಿಗ ಇದ್ದಾನೆ. ಭೂಕಂಪ, ಬಾಂಬು ಎಲ್ಲವೂ ತನ್ನ ಊಟ ಕೆಡಿಸಲೆಂದೇ ಆಗುತ್ತಿವೆ ಅಂತ ಗೊಣಗುತ್ತಾನೆ. ವಾಕಿಂಗ್ ಹೊರಟರೆ ಮಳೆಯೂ ಬರುತ್ತೆ ಅನ್ನುವ ಆಸಾಮಿ. ನಾಲ್ಕನೇ ಕಂತಿನಿಂದ ಕತೆ ಹೊರಳುವ ದಿಕ್ಕನ್ನು ಮಾತ್ರ ನಾನು ಹೇಳಲ್ಲ. ಮುಂಚೆ ಓದಿಕೊಂಡು ಹೋಗಬೇಡಿ, ಸುಮ್ನೆ ನೋಡಿ.

ಕೊರತೆ ಇಲ್ಲ ಅಂತಲ್ಲ. ಮೆಕ್ಸಿಕೋದ ಸಾಲಮ್ಯಾಂಡರ್ ಆಗಿ ಕಾಣಲು ಟ್ರಾಟನ್ ಮುಖಕ್ಕೆ ಬಣ್ಣ ಬಳಿದಿದ್ದಾರೆ, ಇವತ್ತಿಗೆ ಅದು ಮುಜುಗರ. ಜ್ವಾಲಾಮುಖಿ ಸಿಡಿಯುವುದೆಲ್ಲ ಬೇರೆಲ್ಲಿಂದಲೋ ತಂದ ಹಳೇ ರೀಲು. ಒಬ್ಬ ಕೈದಿಯನ್ನು ಕಾರಿಡಾರ್‌ನಲ್ಲೇ ಕೂರಿಸುತ್ತಾರೆ, ಕಾಯಲು ಸುಲಭವಂತೆ! ಇನ್ನೊಂದು ಸೆಟ್ಟಿಗೆ ಕಾಸಿರಲಿಲ್ಲ ಅನಿಸುತ್ತೆ, ಅಲ್ವಾ? ನನಗಂತೂ ಆ ಧೈರ್ಯ ಇಷ್ಟವಾಯಿತು. ಇದೇ ಸರಣಿಯವರು 1988ರಲ್ಲಿ ಸ್ಟುಡಿಯೋದಲ್ಲಿ ಆಸ್ಬೆಸ್ಟಾಸ್ ಸಿಕ್ಕಿ ತೊಂದರೆಯಾದಾಗ ಎಲ್‌ಸ್ಟ್ರೀ ಎಂಬಲ್ಲಿನ ಇನ್ನೊಂದು ಸ್ಟುಡಿಯೋದ ಕಾರ್ ಪಾರ್ಕ್‌ನಲ್ಲಿ ಟೆಂಟ್ ಹಾಕಿ ಶೂಟಿಂಗ್ ಮುಗಿಸಿದವರು. ಹಾಗೆ ಮುಗಿಸಿದ ಸರ್ಕಸ್ ಕತೆ, ‘ದಿ ಗ್ರೇಟೆಸ್ಟ್ ಶೋ ಇನ್ ದಿ ಗ್ಯಾಲಕ್ಸಿ’, ಅದನ್ನೂ ಬಿಡಬೇಡಿ.

ನಿಜವಾದ ತಕರಾರು ಒಂದೇ. ಇಬ್ಬರು ಟ್ರಾಟನ್‌ಗಳು ಎದುರಾಬದುರಾಗುವ ಗಳಿಗೆಗೆ ಆರು ಕಂತು ಕಾಯಿಸುತ್ತಾರೆ, ಆಮೇಲೆ ಎರಡೇ ನಿಮಿಷಕ್ಕೆ ಮುಗಿಸಿಬಿಡುತ್ತಾರೆ.

ಒಂದೇ ಸಲ ಕೂತು ಎಲ್ಲ ನೋಡಬೇಡಿ. ವಾರಕ್ಕೊಂದರಂತೆ ಬರಲೆಂದೇ ಮಾಡಿದ್ದು, ದಿನಕ್ಕೊಂದು ಕಂತಾದರೆ ರುಚಿ ಜಾಸ್ತಿ. ಕೊನೇ ಕಂತು ಮಾತ್ರ ದೊಡ್ಡ ಗಲಾಟೆಯ ನಡುವೆಯೇ ನಿಂತುಬಿಡುತ್ತದೆ. ಮುಂದಿನ ಕತೆ ‘ದಿ ವೆಬ್ ಆಫ್ ಫಿಯರ್’ ಅಲ್ಲಿಂದಲೇ ಶುರು, ಅದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಅದರ ಮೂರನೇ ಕಂತಿನ ಮೂಲ ಸಿಕ್ಕಿಲ್ಲ, ಅದೊಂದನ್ನು ಮಾತ್ರ 2021ರಲ್ಲಿ ಬಂದ ಅನಿಮೇಷನ್‌ನಲ್ಲಿ ನೋಡಬೇಕಾಗುತ್ತದೆ.