ಬೋಟ್ ಕವರ್ ತೊಳೆಯೋಕೆ ಕೊಡೋ ಮುಂಚೆ ಇದನ್ನ ಓದಿ

ಕ್ಯಾನ್ವಾಸ್ ಕವರ್ ತೊಳೆದು ವಾಟರ್‌ಪ್ರೂಫ್ ಮಾಡ್ಕೊಡ್ತೀವಿ, ಬೆಳಿಗ್ಗೆ ಕೊಟ್ರೆ ಸಂಜೆಗೆ ವಾಪಸ್ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಬೇಡ ಅಂದ್ಬಿಡಿ. ನಮ್ಮ ಬೋಟಿನ ಕವರ್ ಕೆಟ್ಟಿದ್ದೇ ಹಾಗೆ.

ನಮ್ಮದು ಅಕ್ರಿಲಿಕ್ ಕ್ಯಾನ್ವಾಸ್ (ಹತ್ತಿಯಲ್ಲ, ಕೃತಕ ನೂಲಿನ ಬಟ್ಟೆ), ಬಟ್ಟೆ ಗಟ್ಟಿಯಾಗೇ ಇತ್ತು, ನೀರು ಬಿದ್ರೆ ಮುಂಚಿನ ಹಾಗೆ ಜಾರಿ ಹೋಗದೆ ಹೀರ್ಕೊಳ್ತಿತ್ತು, ಅಲ್ಲಲ್ಲಿ ಬೂಷ್ಟಿನ ಕಪ್ಪು ಚುಕ್ಕೆ, ಅಷ್ಟೆ. ಅವರೇನು ಮಾಡಿದ್ರು ಅಂದ್ರೆ ಬ್ಲೀಚ್ ಸುರಿದು, ಹತ್ತಿರದಿಂದ ಪ್ರೆಶರ್ ವಾಷರ್ ಹೊಡೆದು, ಸೋಪು ಪೂರ್ತಿ ಹೋಗೋ ಮುಂಚೆನೇ, ಬಟ್ಟೆ ಇನ್ನೂ ಹಸಿ ಇರುವಾಗಲೇ ಮೇಲೆ ವಾಟರ್‌ಪ್ರೂಫ್ ಸ್ಪ್ರೇ ಹೊಡೆದು ಮಡಚಿ ಕಳಿಸಿದ್ರು. ನೋಡೋಕೆ ಮಾತ್ರ ಹೊಸದರಂತೆ ಲಕಲಕ ಅಂತಿತ್ತು.

ಜೋರು ಮಳೆ ಬಂದ ಮೇಲೆ ಹೋಗಿ ನೋಡಿದ್ರೆ ಕವರಿನ ನಡು ಪೂರ್ತಿ ಕೆಳಗೆ ಜೋತು ಬಿದ್ದು ನೀರು ನಿಂತಿದೆ, ಹೊಲಿಗೆ ಉದ್ದಕ್ಕೂ ಬಿಚ್ಕೊಂಡಿದೆ, ದಾರ ಹಿಡಿದು ಎಳೆದ್ರೆ ಪುಸಕ್ಕಂತ ಕೈಗೇ ಬರ್ತಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಬರೀ 10 ಸೆಂ.ಮೀ. ಆಳ ನೀರು ನಿಂತ್ರೂ ಅದು 100 ಕೆಜಿ ಭಾರ, ಬಿಸಿಲಿಗೆ ಮೊದಲೇ ಸವೆದಿದ್ದ ದಾರ, ಅದರ ಮೇಲೆ ಪ್ರೆಶರ್ ಏಟು ಬೇರೆ ತಿಂದಿದ್ದು, ಹೇಗೆ ತಡೆಯತ್ತೆ ಹೇಳಿ? ಒಳಗಿನ ಸೀಟು ಕುಶನ್ ಎಲ್ಲಾ ತೊಯ್ದು ತೊಪ್ಪೆ, ಮುಗ್ಗಲು ವಾಸನೆ. ಕವರಿನಲ್ಲಿದ್ದ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಮೇಲೂ ಸ್ಪ್ರೇ ಬಿದ್ದು ಮಬ್ಬಾಗಿತ್ತು. ತುಂಬಾ ಬೇಜಾರಾಯ್ತು.

ಬಟ್ಟೆ ಮೇಲಿರೋ ನೀರು ತಡೆಯೋ ಲೇಪ ತುಂಬಾ ತೆಳು, ಪ್ರೆಶರ್ ನೀರು ಅದನ್ನ ಕಿತ್ಕೊಂಡು ಹೋಗತ್ತೆ. ಸೋಪು ಉಳಿದ್ರೆ ಅದೇ ನೀರನ್ನ ಬಟ್ಟೆಯೊಳಗೆ ಎಳ್ಕೊಳ್ಳತ್ತೆ, ಒದ್ದೆ ನೂಲಿಗೆ ಹೆಚ್ಚಿನ ಸ್ಪ್ರೇಗಳು ಸರಿಯಾಗಿ ಹಿಡಿಯಲ್ಲ. ಬೂಷ್ಟು ಅಕ್ರಿಲಿಕ್ ನೂಲನ್ನ ತಿನ್ನಲ್ಲ, ಅದು ಬೆಳೆಯೋದು ಮೇಲೆ ಕೂತಿರೋ ಧೂಳು, ಎಲೆ ಕಸ, ಹಕ್ಕಿ ಹಿಕ್ಕೆ ಮೇಲೆ, ಹಾಗಾಗಿ ಆಗಾಗ ಗುಡಿಸಿ ಬರೀ ನೀರು ಹಾಯಿಸಿದ್ರೆನೇ ಅರ್ಧ ಕೆಲಸ ಆಗೋಗತ್ತೆ. ಹತ್ತಿ ಕ್ಯಾನ್ವಾಸ್ ಆದ್ರೆ ಮಾತ್ರ ಬೂಷ್ಟು ಬಟ್ಟೆಯನ್ನೇ ಕೊಳೆಸತ್ತೆ, ಬ್ಲೀಚನ್ನಂತೂ ಅದರ ಹತ್ತಿರಕ್ಕೂ ತರಬೇಡಿ.

ಸರಿಯಾದ ಕ್ರಮಕ್ಕೆ ಟೈಮ್ ಬೇಕೇ ಬೇಕು. 38 ಡಿಗ್ರಿ ಸೆಲ್ಸಿಯಸ್ ದಾಟದ ಉಗುರುಬೆಚ್ಚಗಿನ ನೀರು, ಮೃದು ಸೋಪು, ಮೆತ್ತನೆ ಬ್ರಶ್, ನೊರೆ ಒಂಚೂರೂ ಬರದಷ್ಟು ಜಾಲಿಸೋದು, ಆಮೇಲೆ ಗಾಳಿಗೆ ಹರಡಿ ಒಣಗಿಸೋದು, ಡ್ರೈಯರ್‌ಗೆ ಹಾಕಲೇಬಾರದು. ಅಂಚಿನ ಮಡಿಕೆ ಒಳಗೆ ಬೆರಳು ಹಾಕಿ ನೋಡಿ, ಮೇಲೆ ಒಣಗಿದ್ರೂ ಅಲ್ಲಿ ಪಸೆ ಇರತ್ತೆ. ಅದೂ ಹೋದ ಮೇಲೆ ಕವರಿನ ಪ್ಲಾಸ್ಟಿಕ್ ಕಿಟಕಿಗೆ ಸ್ಪ್ರೇ ಬೀಳದ ಹಾಗೆ ಮುಚ್ಚಿ, ಆ ಬಟ್ಟೆಗೆ ಆಗೋ ಸ್ಪ್ರೇನೇ ತಗೊಂಡು ತೆಳ್ಳಗೆ ಎರಡು ಕೋಟ್. ಹೊಲಿಗೆ ತೂತುಗಳಿಗೆ ಸ್ಪ್ರೇ ಸಾಲಲ್ಲ, ಸೀಮ್ ಸೀಲರ್ (ಹೊಲಿಗೆ ತೂತು ಮುಚ್ಚೋ ಲೇಪ) ಬೇರೆ ಹಚ್ಚಬೇಕು. ಕವರ್ ಕೆಳಗೆ ಕಂಬ ಕೊಟ್ಟು ಇಳಿಜಾರು ಮಾಡಿ, ನೀರು ನಿಲ್ಲಲೇಬಾರದು.

ಬೇರೆಯವರ ಕೈಗೇ ಕೊಡೋದಾದ್ರೆ ಪ್ರೆಶರ್ ವಾಷರ್ ಹಾಕ್ತೀರಾ, ಎಷ್ಟು ಹೊತ್ತು ಒಣಗಿಸ್ತೀರಾ, ಯಾವ ಸ್ಪ್ರೇ ಅಂತ ಮೊದಲೇ ಕೇಳಿ. ವಾಪಸ್ ತಗೊಳ್ಳುವಾಗ ಅವರ ಎದುರೇ ಒಂದು ಲೋಟ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆ ಮಗುಚಿ ಹಿಂಭಾಗ ಮುಟ್ಟಿ ನೋಡಿ, ಒದ್ದೆ ಇದ್ರೆ ದುಡ್ಡು ಕೊಡಬೇಡಿ.